ಕಾಲು ತೊಳೆವ ಕಲ್ಲು

ಹೊಳೆಗೆ ಆಚೆ ದಂಡೆ ಇರುವುದು ಎಷ್ಟು ಖರೆಯೋ ಆ ಊರು ಇದ್ದದ್ದೂ ಅಷ್ಟೇ ಖರೆ. ದಾರಿ ಕೇಳಿದರೆ ಯಾರೂ ಹೇಳುವುದಿಲ್ಲ. ನಡೆದು ನಡೆದು ಸೋತವನ ಎದುರಿಗೆ ಅದು ತಾನಾಗಿ ಬಂದು ನಿಲ್ಲುತ್ತದೆ. ಸುತ್ತಲೂ ಎರೆಹೊಲ. ಮಳೆ ಬಿದ್ದರೆ ಅಲ್ಲಿಯ ಕರಿಮಣ್ಣು ಹೆಜ್ಜೆಗೊಂದು ಪದರದಂತೆ ಕಾಲಿಗೆ ಮೆತ್ತುತ್ತದೆ. ಉಂಡು ಹೋಗೆಂದರೆ ಮಲಗಿಯೇ ಬಿಡುವ ನೆಂಟನ ಹಾಗೆ, ಬಿಡು ಅಂದರೆ ಬಿಡುವುದಿಲ್ಲ.

ಆ ಊರಿನಲ್ಲಿ ಒಂದು ನಿಯಮವಿತ್ತು. ಯಾರ ಕಾಲಿಗೆ ಮಣ್ಣೋ ಅವರಿಗೆ ಜೋಳ.

ಜೋಳ ಕೊಡುತ್ತಿದ್ದದ್ದು ಹೊಳೆಯಾಚೆಯ ಕೊಡುವ ಮನೆ. ಅದನ್ನು ಊರಿನವರು ಯಾರೂ ಕಂಡಿರಲಿಲ್ಲ. ಕಂಡವರ ಮಾತು ಕೇಳಿದವರು ಇದ್ದರು, ಅಷ್ಟೇ. ಬಹಳ ಹಿಂದೆ ಆ ಮನೆಯವರು ಹೀಗೆ ಯೋಚಿಸಿದರಂತೆ: ಉಳುವವನು ಎಲ್ಲರಿಗೂ ಅನ್ನ ಹಾಕುತ್ತಾನೆ, ಅವನ ಬುಡಕ್ಕೆ ನಾವೊಂದು ಆಸರೆ ಕೊಡೋಣ. ಆದರೆ ಉಳುವವನು ಯಾರೆಂದು ಇಷ್ಟು ದೂರದಿಂದ ತಿಳಿಯುವುದು ಹೇಗೆ? ಆಗ ಅವರಲ್ಲೊಬ್ಬ ತಿಳಿದವನು, ಬಾಯಿ ಸುಳ್ಳು ಹೇಳುತ್ತದೆ, ಕಾಲು ಹೇಳುವುದಿಲ್ಲ, ಕಾಲು ನೋಡಿ ಕೊಡಿ ಅಂದನಂತೆ. ಅಂದಿನಿಂದ ವರ್ಷಕ್ಕೊಮ್ಮೆ ತಟ್ಟುವವನು ಬರುತ್ತಿದ್ದ. ಕೈಯಲ್ಲಿ ಹಿತ್ತಾಳೆಯ ಕೋಲು, ಕಾಲಲ್ಲಿ ಕಟ್ಟಿಗೆಯ ಪಾದುಕೆ, ಹಿಂದೆ ಜೋಳದ ಚೀಲ ಹೊತ್ತವರ ಸಾಲು. ಚಾವಡಿಯ ಮುಂದೆ ಚಪ್ಪಟೆ ಕಲ್ಲೊಂದಿತ್ತು. ಊರಿನವರು ಒಬ್ಬೊಬ್ಬರಾಗಿ ಬಂದು ಆ ಕಲ್ಲಿನ ಮೇಲೆ ಕಾಲು ಎತ್ತಿ ಇಡಬೇಕು. ಅವನು ಕಾಲಿನ ಮಣ್ಣನ್ನು ಕೋಲಿನಿಂದ ತಟ್ಟುತ್ತಾನೆ, ಕಿವಿ ಕೊಡುತ್ತಾನೆ. ಸಪ್ಪಳ ಬಂದರೆ "ಮಣ್ಣುಂಟು" ಅನ್ನುತ್ತಾನೆ. ಸಣ್ಣ ಸಪ್ಪಳಕ್ಕೆ ಸಣ್ಣ ಅಳತೆ, ದೊಡ್ಡ ಸಪ್ಪಳಕ್ಕೆ ದೊಡ್ಡ ಅಳತೆ. ಕಾಲು ಬರಿದಾಗಿದ್ದರೆ "ಮಣ್ಣಿಲ್ಲ" ಅನ್ನುತ್ತಾನೆ. ಬರಿಗಾಲಿಗೆ ಬರಿಗೈ.

ನಿಯಮದಲ್ಲಿ ತಪ್ಪೇನಿರಲಿಲ್ಲ. ಮಾಡಿದವರ ಮನಸ್ಸು ತಿಳಿನೀರಿನ ಹಾಗಿತ್ತು.

ಆದರೆ ಒಂದು ವರ್ಷ ಊರಿನವನೊಬ್ಬ ತನ್ನ ಕಾಲು ನೋಡಿಕೊಂಡು ಕೂತ. ಹೋದ ಸಲದ ಮಣ್ಣು ಇನ್ನೂ ಕಾಲಲ್ಲೇ ಇತ್ತು, ಚೆನ್ನಾಗಿ ಒಣಗಿ ಗಟ್ಟಿಯಾಗಿತ್ತು. ಈಗ ಹಸಿ ಹೊಲಕ್ಕೆ ಇಳಿದರೆ ಇದು ನೆನೆದು ಕಳಚಿ ಹೋದೀತು. ಇರುವ ಮಣ್ಣು ಕಳೆದುಕೊಂಡು ಬಾರದ ಮಣ್ಣಿಗೆ ಹೋಗುವುದು ಯಾವ ಜಾಣತನ? ಅವನು ಹೋಗಲಿಲ್ಲ. ಅವನನ್ನು ನೋಡಿ ಪಕ್ಕದ ಮನೆಯವನೂ ಹೋಗಲಿಲ್ಲ. ಹೀಗೆ ಒಂದು ಕಟ್ಟೆಯಿಂದ ಇನ್ನೊಂದು ಕಟ್ಟೆಗೆ ಊರೆಲ್ಲ ಕೂತುಬಿಟ್ಟಿತು. ಮಣ್ಣಿನ ಮೇಲೆ ಸಗಣಿ ಸಾರಿಸಿದರು, ಸಗಣಿಯ ಮೇಲೆ ಬೇಲದ ಅಂಟು ಬಳಿದರು, ಅಂಟಿನ ಮೇಲೆ ಮತ್ತೆ ಮಣ್ಣು. ಕಾಲುಗಳು ಒರಳಿನಷ್ಟಾದವು, ಒರಳಿನಂಥವು ಬಾನಿಯಷ್ಟಾದವು. ಅಪ್ಪ ಸತ್ತರೆ ಮಣ್ಣು ಮಾಡುವ ಮೊದಲು ಅವನ ಕಾಲಿನ ಮಣ್ಣನ್ನು ಉಳಿಯಿಂದ ಬಿಡಿಸಿ ಮಗನ ಕಾಲಿಗೆ ಮೆತ್ತುತ್ತಿದ್ದರು. ಇಬ್ಬರು ಮಕ್ಕಳಿದ್ದರೆ ಎಡಗಾಲು ಒಬ್ಬನಿಗೆ, ಬಲಗಾಲು ಇನ್ನೊಬ್ಬನಿಗೆ. ಮಳೆ ಬಂತೆಂದರೆ ಗಂಡಸರೆಲ್ಲ ಪಡಸಾಲೆಯಲ್ಲಿ ಮಲಗಿ, ಕಾಲುಗಳನ್ನು ತೊಲೆಗೆ ತೂಗುಹಾಕಿ, ಮೇಲೆ ಚಾಪೆ ಮುಚ್ಚಿಸಿಕೊಳ್ಳುತ್ತಿದ್ದರು. ಹೊರಗೆ ಹೊಲಗಳು ನೆನೆಯುತ್ತಿದ್ದವು, ಕರಿಕೆ ಹುಲ್ಲು ಏಳುತ್ತಿತ್ತು. ಕೊಡುವ ಮನೆಯ ಜೋಳ ಉಂಡು ಊರು ಆಕಳಿಸುತ್ತಿತ್ತು.

ಎಲ್ಲರಿಗಿಂತ ದೊಡ್ಡ ಕಾಲು ಹೆಗ್ಗಾಲಿನವನದು. ಅವನ ಅಪ್ಪನ ಮಣ್ಣು, ಅಜ್ಜನ ಮಣ್ಣು, ಮಕ್ಕಳಿಲ್ಲದೆ ಹೋದ ಚಿಕ್ಕಪ್ಪನ ಮಣ್ಣು, ಎಲ್ಲ ಅವನ ಕಾಲಲ್ಲೇ ಬಂದು ಸೇರಿತ್ತು. ತಟ್ಟುವ ದಿನ ಎತ್ತು ಕಟ್ಟಿದ ಬಂಡಿಯಲ್ಲಿ ಅವನ ಕಾಲು ಮುಂದೆ ಬರುತ್ತಿತ್ತು, ಅವನು ಹಿಂದೆ. ತಟ್ಟಿದರೆ ಜಾತ್ರೆಯ ನಗಾರಿ ಬಾರಿಸಿದ ಹಾಗೆ ಸಪ್ಪಳ. ಊರಿನವರು ಆ ಸಪ್ಪಳಕ್ಕೆ ಕೈ ಮುಗಿಯುತ್ತಿದ್ದರು.

ಇಂಥ ಊರಿನ ಕಡೆಯ ಮನೆಯಲ್ಲಿ ಬಿತ್ತುವಾಕೆ ಇದ್ದಳು. ಅವಳ ಅಂಗಳ ಮುಗಿದಲ್ಲಿ ಅವಳ ಹೊಲ ಶುರು, ಹೊಲ ಮುಗಿದಲ್ಲಿ ಒಂದು ಒಡ್ಡು, ಒಡ್ಡಿನಾಚೆ ಕಣ್ಣು ಹೋಗುವಷ್ಟು ದೂರ ಹೆಗ್ಗಾಲಿನವನ ಬೀಳು ಭೂಮಿ. ಅಂಗಳದಲ್ಲಿ ಒಂದು ಕಲ್ಲು, ಕಲ್ಲಿನ ಪಕ್ಕ ಒಂದು ಬಾನಿ, ಬಾನಿಯ ಮೇಲೆ ಒಂದು ತಂಬಿಗೆ. ಆ ತಂಬಿಗೆಯ ಕಾವಲು ಅವಳ ಅತ್ತೆಯದು. ಹಲ್ಲು ಬಿದ್ದ ಮುದುಕಿ, ಆದರೆ ಮಾತಿಗೆ ಹಲ್ಲಿತ್ತು. ಹೊಲದ ಮಣ್ಣು ಹೊಲಕ್ಕೆ, ಹೊಸ್ತಿಲು ಮನೆಗೆ. ಎರಡನ್ನೂ ಕಲಸಿದವರಿಗೆ ಅವಳ ಮನೆಯಲ್ಲಿ ಜಾಗವಿರಲಿಲ್ಲ. ಹೊಲದಿಂದ ಬಂದವರು ಕಲ್ಲಿನ ಮೇಲೆ ನಿಲ್ಲಬೇಕು, ಮುದುಕಿ ನೀರು ಹಾಕಬೇಕು, ಕಾಲು ತೊಳೆದು ಒಳಗೆ ಬರಬೇಕು. ಮುದುಕಿಗೆ ಅವಳ ಅತ್ತೆ ಹಾಗೆ ಹಾಕಿದ್ದಳು, ಅವಳು ಸೊಸೆಗೆ ಹಾಗೆ ಹಾಕುತ್ತಿದ್ದಳು.

ಬಿತ್ತುವಾಕೆ ಹೋಗುತ್ತಿದ್ದಳು, ಬರುತ್ತಿದ್ದಳು, ತೊಳೆಯುತ್ತಿದ್ದಳು. ಗಳೆ ಹೊಡೆದು ಉತ್ತು ಬಂದಳು, ತೊಳೆದಳು. ಕೂರಿಗೆ ಹೂಡಿ ಬಿತ್ತಿ ಬಂದಳು, ತೊಳೆದಳು. ಕಳೆ ತೆಗೆದು ಬಂದಳು, ತೊಳೆದಳು. ಊರಿನ ಕಾಲುಗಳೆಲ್ಲ ಬೆಳೆಯುತ್ತಿದ್ದರೆ ಅವಳ ಕಾಲು ಮಾತ್ರ ಇದ್ದಷ್ಟೇ ಇತ್ತು. ಹಿಮ್ಮಡಿ ಒಡೆದಿತ್ತು, ಬೆರಳು ಹರಡಿದ್ದವು, ಆದರೆ ಶುಭ್ರವಾಗಿತ್ತು. ದಾರಿಯಲ್ಲಿ ಅವಳು ಹೊರಟರೆ ಕಟ್ಟೆಯ ಮೇಲಿನವರು, ನೋಡ್ರೋ, ಬಂಗಾರ ತೊಳೆದು ಗಟಾರಕ್ಕೆ ಬಿಡುವಾಕಿ ಹೊಂಟಳು ಎಂದು ನಗುತ್ತಿದ್ದರು.

ಆ ಕಟ್ಟೆಯ ಮೇಲೆ ಅವಳ ಗಂಡನೂ ಇದ್ದ. ಅವನೂ ಮೊದಲು ಕೂರಿಗೆ ಹಿಡಿದವನೇ. ಒಮ್ಮೆ ತೊಳೆಯದೆ ಒಳಗೆ ಬರಹೋದ, ಮುದುಕಿ ಬಾಗಿಲಿಗೆ ಅಡ್ಡ ಕೂತಳು. ತೊಳಿ, ಇಲ್ಲ ಹೊರಗಿರು ಅಂದಳು. ಅವನು ಹೊರಗಿದ್ದ. ಆವತ್ತಿನಿಂದ ಅವನ ಊಟ ಕಟ್ಟೆಗೆ ಹೋಗುತ್ತಿತ್ತು, ಖಾಲಿ ಬುಟ್ಟಿ ಮನೆಗೆ ಬರುತ್ತಿತ್ತು. ಅವನ ಕಾಲು ಆಗ ಸಣ್ಣ ಒರಳಿನಷ್ಟಾಗಿತ್ತು.

ಹೀಗೇ ನಡೆದಿದ್ದರೆ ನಡೆಯುತ್ತಿತ್ತು. ಆದರೆ ಒಂದು ವರ್ಷ ತಟ್ಟುವವನು ಹೊರಡುವ ಮುಂದೆ ಡಂಗುರ ಹೊಡೆಸಿದ. ಈ ವರ್ಷದಿಂದ ಹಿಡಿದು ಯಾರ ಕಾಲಿಗೆ ಎರಡು ವರ್ಷ ಸಾಲಾಗಿ ಮಣ್ಣಿಲ್ಲವೋ ಅವರು ಉಳುವವರಲ್ಲ. ಉಳದವರ ಕೈಯಲ್ಲಿ ಹೊಲ ಇರಕೂಡದು. ಅದು ಒಡ್ಡಿನಾಚೆಯ ದೊಡ್ಡ ಕಾಲಿಗೆ ಸೇರತಕ್ಕದ್ದು. ಬಿತ್ತುವಾಕೆಗೆ ಆ ವರ್ಷ ಆಗಲೇ "ಮಣ್ಣಿಲ್ಲ" ಅಂದಾಗಿತ್ತು. ಇನ್ನೊಂದು ಸಲ ಅಂದರೆ ಹೊಲ ಹೋಯಿತು.

ಊರಿನವರಿಗೆ ಅವಳ ಮೇಲೆ ದ್ವೇಷವೇನಿರಲಿಲ್ಲ. ಬಂದು ಬುದ್ಧಿ ಹೇಳಿದರು. ಒಂದೇ ಒಂದು ವರ್ಷ ತೊಳೀಬ್ಯಾಡ, ಏನು ಗಂಟು ಹೋಗತೈತಿ ಅಂದರು. ಗಂಡನೂ ಊಟದ ಬುಟ್ಟಿ ಕೊಡುವಾಗ ಅವಳ ಕೈ ಹಿಡಿದು, ಬೇಕಾದರೆ ತನ್ನ ಬಲಗಾಲಿನ ಮಣ್ಣು ಬಿಡಿಸಿ ಕೊಡುತ್ತೇನೆ ಅಂದ. ಅವನ ಕಣ್ಣಲ್ಲಿ ನೀರಿತ್ತು. ಕಾಲ ಮೇಲೆ ಬಿದ್ದೀತೆಂದು ಅದನ್ನು ಅವಸರದಿಂದ ಒರೆಸಿಕೊಂಡ.

ಅವಳು ತಲೆ ಅಲ್ಲಾಡಿಸಿದಳು. ತೊಳೆಯದಿದ್ದರೆ ಹೊಸ್ತಿಲು ದಾಟುವಂತಿಲ್ಲ, ಅದು ಇರಲಿ. ತೊಳೆಯದ ಕಾಲು ಭಾರವಾಗುತ್ತದೆ, ಭಾರವಾದ ಕಾಲು ಸಾಲಿನಲ್ಲಿ ನಡೆಯುವುದಿಲ್ಲ, ನಡೆಯದೆ ಬಿತ್ತುವುದು ಹೇಗೆ? ಮಣ್ಣು ಉಳಿಸಿಕೊಂಡರೆ ಹೊಲ ಉಳಿಯುತ್ತದೆ, ಆದರೆ ಹೊಲ ಬೀಳು ಬೀಳುತ್ತದೆ. ಕಾಲು ತೊಳೆದರೆ ಬೆಳೆ ಬರುತ್ತದೆ, ಹೊಲ ಹೋಗುತ್ತದೆ. ಈ ಗಂಟನ್ನು ಅವಳು ನಡೆಯುತ್ತಾ ಬಿಚ್ಚಿದಳು, ಕೂತು ಬಿಚ್ಚಿದಳು, ಅದು ಬಿಚ್ಚಿಕೊಳ್ಳಲಿಲ್ಲ.

ಮುಂದಿನ ವರ್ಷದ ಹಿಂಗಾರಿ ಮಳೆ ಬಿತ್ತು. ಹೊಲಕ್ಕೆ ಹದ ಬಂತು. ಕೈಯಲ್ಲಿ ಹಿಡಿದರೆ ಉಂಡೆಯಾಗಬೇಕು, ಬಿಟ್ಟರೆ ಪುಡಿಯಾಗಬೇಕು, ಅಂಥ ಹದ. ಅದು ಯಾರಿಗೂ ಕಾಯುವುದಿಲ್ಲ. ಅದೇ ಹೊತ್ತಿಗೆ ತಟ್ಟುವವನು ನಾಳೆ ಬರುತ್ತಾನೆ ಎಂದು ಸುದ್ದಿ ಬಂತು. ಅವಳು ಹೊಲದ ಅಂಚು ಕಟ್ಟಿ ಮನೆಗೆ ಬಂದು ಕಲ್ಲಿನ ಮೇಲೆ ನಿಂತಳು. ಮುದುಕಿ ನೀರು ಹಾಕಿದಳು. ಮಣ್ಣು ಕರಗಿತು, ಕರಗಿ ಕಲ್ಲಿನಿಂದ ಇಳಿಯಿತು. ಎಷ್ಟೋ ವರ್ಷದಿಂದ ಇಳಿಯುತ್ತಿದ್ದದ್ದೇ. ಆದರೆ ಆವತ್ತು ಮೊದಲ ಸಲ ಅವಳು ಆ ನೀರಿನ ಹಿಂದೆ ಕಣ್ಣು ಕಳಿಸಿದಳು.

ನೀರು ಗಟಾರಕ್ಕೆ ಹೋಗಲಿಲ್ಲ. ಆ ಮನೆಗೆ ಗಟಾರವೇ ಇರಲಿಲ್ಲ. ಕಲ್ಲಿನ ಆಚೆ ಬದಿಗೆ ಒಂದು ದಿಬ್ಬವಿತ್ತು. ಹಸಿಯಾಗಿ, ಕರ್ರಗೆ, ಎಳೆ ಎಮ್ಮೆಯ ಬೆನ್ನಿನ ಹಾಗೆ. ಅಂಗಳದಿಂದ ಹೊಲದ ತನಕ ಹಬ್ಬಿ ಹೊಲದೊಳಗೇ ಇಳಿದುಹೋಗಿತ್ತು. ಯಾರೂ ಬಿತ್ತದೆ ಅದರ ಮೇಲೆ ನಾಲ್ಕು ಜೋಳದ ಸಸಿ ಎದ್ದಿದ್ದವು. ಅವಳು ಅದನ್ನು ನೋಡುತ್ತಾ ನಿಂತಳು. ತಂಬಿಗೆಯ ನೀರು ಮುಗಿಯಿತು, ಅವಳು ಇಳಿಯಲಿಲ್ಲ.

"ಅತ್ತೀ, ಇದು ಯಾರ ಮಣ್ಣು?"

"ಯಾರದು ಅಂದ್ರ? ನಿಂದು, ನಂದು, ನಮ್ಮತ್ತೀದು, ಆಕೀ ಅತ್ತೀದು. ಕಾಲು ತೊಳದೋರದು."

ಬಿತ್ತುವಾಕೆ ಒಳಗೆ ಹೋಗಿ ರೊಟ್ಟಿ ಉಂಡು ನಿಶ್ಚಿಂತೆಯಿಂದ ಮಲಗಿದಳು.

ಮರುದಿನ ಚಾವಡಿಯ ಮುಂದೆ ಊರು ನೆರೆಯಿತು. ಬಂಡಿಗಳು ಬಂದವು, ಕಾಲುಗಳು ಇಳಿದವು. ಕಲ್ಲಿನ ಮೇಲೆ ಒಂದೊಂದು ಕಾಲು ಏರಿತು. ಕೋಲು ಎದ್ದಿತು, ಕೋಲು ಬಿದ್ದಿತು. ಮಣ್ಣುಂಟು. ಜೋಳ ಸುರಿಯಿತು. ಕೋಲು ಎದ್ದಿತು, ಕೋಲು ಬಿದ್ದಿತು. ಮಣ್ಣುಂಟು. ಜೋಳ ಸುರಿಯಿತು. ಹೆಗ್ಗಾಲಿನವನ ಸಪ್ಪಳಕ್ಕೆ ಆಲದ ಮರದ ಕಾಗೆಗಳೆಲ್ಲ ಹಾರಿದವು. ಕಡೆಗೆ ಒಬ್ಬಳು ಉಳಿದಳು. ಅವಳ ಬರಿಗಾಲನ್ನು ನೋಡಿ ತಟ್ಟುವವನು ಕೋಲನ್ನೂ ಎತ್ತದೆ ಬಾಯಿ ತೆರೆದ.

"ಸ್ವಲ್ಪ ತಡೀರಿ ಯಪ್ಪಾ," ಅಂದಳು ಬಿತ್ತುವಾಕೆ. "ನನ್ನ ಮಣ್ಣು ಮನ್ಯಾಗ ಐತಿ. ಬಂದು ನೋಡಿ ಆಮ್ಯಾಲೆ ಮಾತಾಡ್ರಿ."

ಜನ ನಕ್ಕರು. ತಟ್ಟುವವನು ನಗಲಿಲ್ಲ. ಅವನು ನಿಯಮದ ಮನುಷ್ಯ. ಮಣ್ಣು ಇದೆ ಅಂದವರ ಮಣ್ಣನ್ನು ನೋಡದೆ ಹೋಗುವಂತಿಲ್ಲ ಎಂಬುದೂ ನಿಯಮದಲ್ಲಿತ್ತು. ಪಾದುಕೆ ಟಕಟಕ ಮಾಡುತ್ತಾ ಅವಳ ಹಿಂದೆ ನಡೆದ. ಚೀಲ ಹೊತ್ತವರು ಅವನ ಹಿಂದೆ, ಬಂಡಿಗಳು ಅವರ ಹಿಂದೆ.

ಕಲ್ಲಿನ ಹತ್ತಿರ ಬಂದು ಅವಳು ದಿಬ್ಬ ತೋರಿಸಿದಳು. ಮಣ್ಣು ಹೌದು, ಆದರೆ ಕಾಲಿಗೆ ಇಲ್ಲವಲ್ಲ ಅಂದ ಅವನು. ನೆಲದ ಮೇಲಿನ ಮಣ್ಣನ್ನು ತಟ್ಟುವ ಪದ್ಧತಿ ಕೊಡುವ ಮನೆಯಲ್ಲಿ ಇರಲಿಲ್ಲ. ಅವಳು ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿದಳು. ದಿಬ್ಬದ ಮೇಲೆ ಹತ್ತಿದಳು. ಹಸಿ ಮಣ್ಣು ಅವಳ ಬೆರಳು ತುಂಬಿತು, ಹಿಮ್ಮಡಿ ತುಂಬಿತು, ಮೀನಖಂಡದ ತನಕ ಒಳಗೆ ಎಳೆದುಕೊಂಡಿತು. ಬಾಗಿಲ ಕಂಬದ ಹಾಗೆ ನಿಂತಳು.

"ಈಗ ಕಾಲಿಗೆ ಐತಿ. ತಟ್ಟ್ರಿ."

ಬಂಡಿಯ ಮೇಲಿನಿಂದ ಹೆಗ್ಗಾಲಿನವನು ಗುಟುರು ಹಾಕಿದ. ಅದು ಅವಳೊಬ್ಬಳದಲ್ಲ, ಸತ್ತ ಮುದುಕಿಯರ ಮಣ್ಣೂ ಅದರಲ್ಲಿ ಸೇರಿದೆ, ಮಂದಿಯ ಮಣ್ಣಿಗೆ ಇವಳು ಒಡತಿಯೇ ಅಂದ. ಅವಳು ಅವನ ಕಾಲನ್ನು ಒಮ್ಮೆ ನೋಡಿದಳು.

"ಗೌಡ್ರ, ನಿಮ್ಮ ಕಾಲಾಗ ನಿಮ್ಮಪ್ಪಾರು ಅದಾರ, ನಿಮ್ಮಜ್ಜಾರು ಅದಾರ. ನನ್ನ ಕಾಲಾಗ ನಮ್ಮತ್ತಿಗೋಳು ಇದ್ರ ಏನಾತು?"

ಕಟ್ಟೆಯ ಗಂಡಸರಲ್ಲಿ ಒಬ್ಬಿಬ್ಬರು ಕೆಮ್ಮಿದರು. ತಟ್ಟುವವನು ಬಗ್ಗಿ ಕೋಲಿನಿಂದ ದಿಬ್ಬ ತಟ್ಟಿದ. ಸಪ್ಪಳ ಬರಲಿಲ್ಲ. ಕೋಲು ಬೆಣ್ಣೆಗೆ ಇಳಿದ ಹಾಗೆ ಇಳಿಯಿತು. ಮತ್ತೆ ತಟ್ಟಿದ, ಮತ್ತೆ ಇಳಿಯಿತು. ಅವನು ಹುಟ್ಟಿದಾಗಿನಿಂದ ಸಪ್ಪಳವಿಲ್ಲದ ಮಣ್ಣನ್ನು ಕಂಡಿರಲಿಲ್ಲ.

"ಸಪ್ಪಳ ಇಲ್ಲ."

"ಟೊಳ್ಳು ಇದ್ದರ ಸಪ್ಪಳ ಬರತೈತ್ರಿ ಯಪ್ಪಾ. ಇದರಾಗ ಟೊಳ್ಳು ಎಲ್ಲೈತಿ?"

ತಟ್ಟುವವನು ಸೆಟೆದು ನಿಂತ. ಆಗಷ್ಟೇ ಚಾವಡಿಯ ಮುಂದೆ ಕೇಳಿದ ಸಪ್ಪಳಗಳೆಲ್ಲ ಅವನ ಕಿವಿಯಲ್ಲಿ ಒಮ್ಮೆ ತಿರುಗಿ ಬಂದಿರಬೇಕು. ಆ ಮಣ್ಣಿನ ಗಡ್ಡೆಗಳ ಒಳಗೆ ನಡೆಯದ ಕಾಲುಗಳು ವರ್ಷ ವರ್ಷ ಸೊರಗಿ, ಕಡ್ಡಿಯಾಗಿ, ಸುತ್ತ ಎಷ್ಟು ಟೊಳ್ಳು ಬಿಟ್ಟಿದ್ದವೋ. ಆದರೆ ಅದನ್ನು ಅವನು ಆಡಲಿಲ್ಲ. ಸಪ್ಪಳವಿಲ್ಲದ್ದಕ್ಕೆ ಅಳತೆಯಿಲ್ಲ, ಅಳತೆಯಿಲ್ಲದ್ದಕ್ಕೆ ಜೋಳವಿಲ್ಲ ಎಂದಷ್ಟೇ ಅಂದ. ಜೋಳ ಬ್ಯಾಡ, ಜೋಳ ನಾನು ಬಿತ್ತಿಕೊಳ್ಳುತ್ತೇನೆ, ಮಣ್ಣು ಇದೆಯೋ ಇಲ್ಲವೋ ಅದೊಂದು ಹೇಳಿ ಹೋಗಿರಿ ಅಂದಳು ಅವಳು. ಅವನು ದಿಬ್ಬ ನೋಡಿದ, ಅವಳನ್ನು ನೋಡಿದ. ಇದೆ ಅನ್ನಲು ಸಪ್ಪಳವಿಲ್ಲ. ಇಲ್ಲ ಅನ್ನಲು ಕಣ್ಣು ಒಪ್ಪಲಿಲ್ಲ.

ಆಗ ಹೆಗ್ಗಾಲಿನವನೇ ನಿಯಮ ನೆನಪು ಮಾಡಿಕೊಟ್ಟ. ಕಾಲು ನೆಲದಲ್ಲಿ ಹುಗಿದುಕೊಂಡವರನ್ನೆಲ್ಲ ತಟ್ಟುತ್ತಾ ಹೋದರೆ ಮರಗಳಿಗೂ ಜೋಳ ಕೊಡಬೇಕಾದೀತು ಅಂದ. ತಟ್ಟುವುದೆಂದರೆ ಮಣ್ಣು ಸಮೇತ ಕಾಲು ಎತ್ತಿ ಕಲ್ಲಿನ ಮೇಲೆ ಇಡಬೇಕು. ಇವಳ ಮಣ್ಣು ಇವಳದೇ ಆದರೆ ಒಂದು ಕಣವೂ ಬಿಡದೆ ಎತ್ತಿ ಇಡಲಿ. "ನಿಯಮ ಅಂದ್ರ ನಿಯಮ," ಅಂದ.

ತಟ್ಟುವವನಿಗೆ ದಾರಿ ಸಿಕ್ಕಿತು. ಇವಳ ಮಣ್ಣು ಎಲ್ಲಿ ಮುಗಿಯುತ್ತದೋ ಅಲ್ಲಿ ಬಿಡಿಸಿ ಎತ್ತಿರಿ ಎಂದು ಚೀಲ ಹೊತ್ತವರಿಗೆ ಹೇಳಿದ. ಅವರ ಹತ್ತಿರ ಗುದ್ದಲಿ ಎಲ್ಲಿಂದ ಬರಬೇಕು? ಊರಿನ ಅಟ್ಟಗಳಿಂದ ಇಳಿಸಿದರು. ಜೇಡ ಕಟ್ಟಿದ್ದವು, ತುಕ್ಕು ತಿಂದಿದ್ದವು. ಎಷ್ಟೋ ವರ್ಷದ ಮೇಲೆ ಆ ಗುದ್ದಲಿಗಳು ನೆಲಕ್ಕೆ ಬಿದ್ದವು. ದಿಬ್ಬದ ಬದಿ ಅಗೆದರು. ಮಣ್ಣು ಮುಗಿಯಲಿಲ್ಲ. ಅಂಗಳ ಅಗೆದರು, ಅಂಗಳದಲ್ಲೂ ಅದೇ ಮಣ್ಣು. ಹೊಲಕ್ಕೆ ಇಳಿದರು, ಅದೇ ಕರಿ, ಅದೇ ಹಸಿ, ಅದೇ ಹದ. ಇಲ್ಲಿಗೆ ಇದು, ಇಲ್ಲಿಂದ ಅದು ಎಂದು ಗೆರೆ ಹಾಕುವ ಜಾಗ ಯಾರಿಗೂ ಕಾಣಲಿಲ್ಲ. ಇವಳ ಮಣ್ಣು ಇನ್ನೂ ಮುಂದೆ ಇದೆ, ಅಗೆಯಿರಿ ಅಂದ ತಟ್ಟುವವನು. ಅಗೆದರು. ಗುದ್ದಲಿ ಎದ್ದಿತು, ಗುದ್ದಲಿ ಬಿದ್ದಿತು. ಮಣ್ಣು ಮಗ್ಗಲು ಬದಲಿಸಿತು.

ಬಿತ್ತುವಾಕೆ ನಿಂತೇ ಇದ್ದಳು. ಕಾಲು ಕಿತ್ತರೆ ಮಣ್ಣು ಬಿಟ್ಟಳು ಅನ್ನುತ್ತಾರೆ. ಎದುರಿಗೆ ಅವಳ ಹೊಲ ಬಾಯಿ ತೆರೆದು ಮಲಗಿತ್ತು. ಹದ ಆರುತ್ತಿತ್ತು. ಅವಳು ಅತ್ತೆಯ ಕಡೆ ತಿರುಗಿ ನೋಡಿದಳು.

ಮುದುಕಿ ತಂಬಿಗೆ ಕೆಳಗಿಟ್ಟಳು. ಒಳಗೆ ಹೋಗಿ ಬೀಜದ ಗಡಿಗೆ ತೆಗೆದು ಉಡಿ ತುಂಬಿಕೊಂಡು ಬಂದಳು. ಅಗೆಯುವವರ ಹಿಂದೆ ಹಿಂದೆ, ಬಗ್ಗಿದ ನಡು ಇನ್ನಷ್ಟು ಬಗ್ಗಿಸಿ, ಎರಡು ಬೆರಳಿನಿಂದ ಬೀಜ ಬಿಡುತ್ತಾ ನಡೆದಳು. ಕೊಡುವ ಮನೆಯವರು ಮುಂದೆ ಮಣ್ಣಿನ ಕೊನೆ ಹುಡುಕುತ್ತಾ ಹೋದರು. ಮುದುಕಿ ಹಿಂದೆ ಕಾಲಿನಿಂದ ಮಣ್ಣು ಎಳೆದು ಬೀಜ ಮುಚ್ಚುತ್ತಾ ಹೋದಳು. ಏನು ಮಾಡುತ್ತೀ ಮುದುಕಿ ಎಂದು ಅವರಲ್ಲೊಬ್ಬ ಕೇಳಿದ್ದಕ್ಕೆ, ನಿಮ್ಮ ಹುಡುಕಾಟ ನೀವು ಮಾಡ್ರಪ್ಪಾ, ನಿಮ್ಮ ಹಿಂದೆ ಕಸ ಬಿದ್ದಿತ್ತು, ಬಳಿಯುತ್ತಿದ್ದೀನಿ ಅಂದಳು.

ಮಧ್ಯಾಹ್ನ ತಿರುಗಿತು. ಹೊಲ ಮುಗಿಯಿತು, ಉಡಿಯೂ ಮುಗಿಯಿತು. ಮಣ್ಣು ಮುಗಿಯಲಿಲ್ಲ. ಗುದ್ದಲಿಗಳು ಒಡ್ಡಿಗೆ ಬಂದು ನಿಂತವು. ತಟ್ಟುವವನು ಒಡ್ಡಿನ ಈಚೆಯ ಹಿಡಿ ಮಣ್ಣು ಒಂದು ಕೈಯಲ್ಲಿ, ಆಚೆಯ ಹಿಡಿ ಮಣ್ಣು ಇನ್ನೊಂದು ಕೈಯಲ್ಲಿ ಹಿಡಿದ. ಕೊಡುವ ಮನೆಯಿಂದ ಬರತೊಡಗಿದಾಗಿನಿಂದ ಅವನ ಕೈಗೆ ಮಣ್ಣು ತಾಗಿದ್ದು ಅದೇ ಮೊದಲು. ಮೂಸಿದ, ಹಿಸುಕಿದ. ಎರಡೂ ಒಂದೇ.

"ಒಡ್ಡಿನಾಚೆಯದೂ ಇವಳದೇ ಮಣ್ಣು," ಅಂದ. "ಅಗೆಯಿರಿ."

ಬಂಡಿಯ ಮೇಲೆ ಹೆಗ್ಗಾಲಿನವನ ಮುಖ ಸುಣ್ಣವಾಯಿತು. ಇಳಿದು ಓಡಿ ಬಂದು ತಡೆಯಬೇಕು ಅನ್ನಿಸಿತು, ಕಾಲು ಏಳಲಿಲ್ಲ. ಮೊದಲ ಗುದ್ದಲಿ ಅವನ ಬೀಳಿನ ಕರಿಕೆಯ ಬೇರಿಗೆ ಬಿದ್ದಾಗ ಆ ದೊಡ್ಡ ಗಂಟಲು ಒಡೆದು ಸಣ್ಣ ದನಿ ಬಂತು.

"ಸಾಕ್ರೀ. ಐತಿ ಅಂತ ಹೇಳಿಬಿಡ್ರಿ ಆಕಿಗೆ."

ಗುದ್ದಲಿಗಳು ನಿಂತವು. ತಟ್ಟುವವನು ಕೈಯ ಮಣ್ಣು ಕೊಡವಲಿಲ್ಲ. ಬಿತ್ತಿದ ಸಾಲುಗಳನ್ನು ಅವನ ಪಾದುಕೆ ದಾಟಲಾರದು, ಹೂತು ಹೋಗುತ್ತದೆ. ಪಾದುಕೆಗಳನ್ನು ಒಡ್ಡಿನ ಮೇಲೆ ಕಳಚಿಟ್ಟು ಬರಿಗಾಲಲ್ಲಿ ಅಂಗಳಕ್ಕೆ ನಡೆದು ಬಂದ. ದಿಬ್ಬದ ಮುಂದೆ ನಿಂತು, ಕೋಲು ಎತ್ತದೆ, ಊರೆಲ್ಲ ಕೇಳುವ ಹಾಗೆ ಹೇಳಿದ.

"ಮಣ್ಣುಂಟು."

ಬಿತ್ತುವಾಕೆ ಒಂದು ಕಾಲು ಕಿತ್ತಳು, ಇನ್ನೊಂದು ಕಾಲು ಕಿತ್ತಳು. ಕಲ್ಲಿನ ಮೇಲೆ ನಿಂತಳು. ಮುದುಕಿ ತಂಬಿಗೆ ಎತ್ತಿದಳು. ಎಲ್ಲರೂ ನೋಡುತ್ತಿದ್ದಂತೆಯೇ ಆ ಮಣ್ಣೆಲ್ಲ ಕರಗಿ, ಇಳಿದು, ದಿಬ್ಬಕ್ಕೆ ಹೋಗಿ ಸೇರಿತು. ಅವಳ ಕಾಲು ಇದ್ದಷ್ಟೇ ಇತ್ತು. ತಟ್ಟುವವನು ತನ್ನ ಕಾಲನ್ನೂ ನೋಡಿಕೊಂಡ. ಬೆರಳ ಸಂದಿಯೆಲ್ಲ ಕರಿ. ಮುದುಕಿ ಅವನಿಗೂ ಒಂದು ತಂಬಿಗೆ ಹಾಕಿದಳು. ಬಂದವರಿಗೆ ಇಲ್ಲ ಅನ್ನುವ ಮನೆ ಅದಲ್ಲ. ಅವನು ಪಾದುಕೆಯನ್ನು ಅಲ್ಲೇ ಒಡ್ಡಿನ ಮೇಲೆ ಮರೆತು ಹೊಳೆಯ ದಾರಿ ಹಿಡಿದ. ಕೊಡುವ ಮನೆಗೆ ಹೋಗಿ ಏನು ಹೇಳಿದನೋ, ಆ ನಿಯಮ ಬದಲಾಯಿತೋ ಇಲ್ಲವೋ, ಆ ಊರಿನ ಕಥೆಗೆ ಅದು ಬೇಕಿಲ್ಲ.

ಬಂಡಿಗಳು ಹೋದವು. ಹೊತ್ತು ಇಳಿಯುತ್ತಿತ್ತು. ಗೋಡೆಯ ಹಿಂದೆ ಯಾರೋ ಕಲ್ಲಿನಿಂದ ಏನನ್ನೋ ಒಡೆಯುವ ಸಪ್ಪಳ ಕೇಳಿತು. ಒಂದು ಟೊಳ್ಳು ಸಪ್ಪಳ, ಆಮೇಲೆ ಇನ್ನೊಂದು. ಸ್ವಲ್ಪ ಹೊತ್ತಿಗೆ ಗಂಡ ಗೋಡೆ ಹಿಡಿದುಕೊಂಡು ಬಂದ. ಅವನ ಕಾಲುಗಳು ಗಡಿಗೆಯ ಕೆಳಗೆ ಮುಚ್ಚಿಟ್ಟ ಮೊಳಕೆಯ ಹಾಗೆ ಬೆಳ್ಳಗೆ, ಸಣ್ಣಗೆ, ನಡುಗುತ್ತಿದ್ದವು. ಹೆಂಡತಿಯ ಮುಖ ನೋಡದೆ ಕಲ್ಲಿನ ಮೇಲೆ ಹತ್ತಿ ನಿಂತು ಅವ್ವನ ಕಡೆ ನೋಡಿದ. ಬಾಗಿಲು ತೆರೆದಿತ್ತು. ಒಳಗಿನಿಂದ ರೊಟ್ಟಿಯ ವಾಸನೆ ಬರುತ್ತಿತ್ತು.

ಮುದುಕಿ ತಂಬಿಗೆ ತುಂಬಿಕೊಂಡಳು. ಬಗ್ಗಿ ಅವನ ಎರಡೂ ಕಾಲುಗಳನ್ನು ಬೆರಳು ಬೆರಳು ಬಿಡದೆ ನೋಡಿದಳು.

"ಇದರಾಗ ನಾ ಏನ ತೊಳೀಲಿ ಮಗನ?" ಅಂದಳು. "ಮಣ್ಣಿಲ್ಲ."

ಅವನು ನಿಂತ. ಹೊಲದಲ್ಲಿ ಒಡ್ಡಿನ ಹತ್ತಿರ, ಮುದುಕಿಯ ಕಾಲು ಸೋತು ಬೀಜ ಮುಚ್ಚದೆ ಉಳಿದ ಸಾಲುಗಳಿದ್ದವು. ಹಕ್ಕಿಗಳು ಆಗಲೇ ಇಳಿಯುತ್ತಿದ್ದವು. ಬಿತ್ತುವಾಕೆ ಆ ಕಡೆಗೆ ನೋಡಿದಳು. ಅವನೂ ನೋಡಿದ.

ಅವನು ಕಲ್ಲಿನಿಂದ ಇಳಿದ. ಮೊದಲ ಹೆಜ್ಜೆಗೆ ಹಲ್ಲು ಕಚ್ಚಿದ, ಎರಡನೆಯದಕ್ಕೆ ಕೈ ಚಾಚಿ ಗಾಳಿ ಹಿಡಿದ. ಅಂಗಳ ದಾಟಿದ, ದಿಬ್ಬ ದಾಟಿದ, ಹೊಲಕ್ಕೆ ಇಳಿದ. ಕರಿಮಣ್ಣು ಅವನ ಬಿಳಿ ಕಾಲನ್ನು ಹೆಜ್ಜೆ ಹೆಜ್ಜೆಗೂ ಹಿಡಿದು ನೋಡುತ್ತಾ ಬಿಡುತ್ತಾ ಹೋಯಿತು. ಹಕ್ಕಿಗಳು ಎದ್ದವು.

ಮುದುಕಿ ತುಂಬಿದ ತಂಬಿಗೆಯನ್ನು ಬಾನಿಯ ಮೇಲಿಟ್ಟು, ಕಲ್ಲಿನ ಪಕ್ಕ ಕಾಲು ಚಾಚಿ ಕೂತಳು.